ಆರು ಪೆಟ್ಟಿಗೆ, ನೂರು ಬಾಗಿಲು

೧೨ ಜನವರಿ ೨೦೦೪, ಸೋಮವಾರ

ನನ್ನನ್ನು ಯಾರಾದರೂ ಹೊಗಳಿದರೆ ಎಲ್ಲಿಗೋ ಸಾಗಹಾಕುತ್ತಾರೆ ಎಂದೇ ಅರ್ಥ. ಇವತ್ತು ಬೆಳಿಗ್ಗೆ ಸಂಸ್ಥೆಯ ಕಾರ್ಯದರ್ಶಿ ಅಣವೀರಪ್ಪನವರು ಕರೆದು ಕುರ್ಚಿ ತೋರಿಸಿದಾಗಲೇ ನನಗೆ ಗೊತ್ತಾಯಿತು.

“ಮಾನಮ್ಮ, ನಿಮ್ಮ ಸ್ಟೋರಿನ್ಯಾಗ ಇರುವಿ ಸೈತ ಇಂಡೆಂಟ್ ಬರೀದೆ ಒಳಗ ಬರಂಗಿಲ್ಲ. ಅಂಥವರೇ ಬೇಕಾಗ್ಯಾರ ನಮಗ,” ಅಂದರು.

ಮಾತು ಸುಳ್ಳಲ್ಲ. ಇಪ್ಪತ್ತಾರು ವರ್ಷದಿಂದ ಕಲಬುರಗಿಯ ನಮ್ಮ ಕಾಲೇಜಿನ ಉಗ್ರಾಣ ನನ್ನ ಕೈಯಲ್ಲಿದೆ. ಒಂದು ಸೀಮೆಸುಣ್ಣ ಬೇಕಾದರೂ ಚೀಟಿ ಬರೆದು ಮೂರು ಸಹಿ ಹಾಕಿಸಿ ತರಬೇಕು. ಆ ಚೀಟಿಯೇ ಇಂಡೆಂಟ್. ಬೆನ್ನ ಹಿಂದೆ ನನ್ನನ್ನು ‘ನಾಳೆ ಬಾ ಮಾನಮ್ಮ’ ಎನ್ನುತ್ತಾರೆಂದು ಗೊತ್ತಿದೆ. ಅನ್ನಲಿ.

“ಕಮಲಾಪುರದಾಗ ಹುಡುಗ್ಯಾರ ಸಲುವಾಗಿ ಒಂದು ಕಂಪ್ಯೂಟರ್ ಕೇಂದ್ರ ತೆಗ್ದೀವಿ. ಆರು ಮಷಿನ್. ವಾರಕ್ಕೊಮ್ಮಿ ರೋಗ ಬಂದು ಬೀಳ್ತಾವ. ಮಾರ್ಚ್ ಹತ್ತೊಂಬತ್ತಕ್ಕ ಪರೀಕ್ಷಾ ಅದ. ಆವತ್ತು ಮಷಿನ್ ನಡೀಲಿಲ್ಲಂದ್ರ ಎಲ್ಲಾ ಹೊತ್ತು ಇಲ್ಲಿಗೇ ತರ್ತೀವಿ. ಕೇಂದ್ರ ಬಂದ್. ನೀವು ಹೋಗಿ ಅವನ್ನ ಕಾಯಿರಿ.”

ಕಂಪ್ಯೂಟರ್ ಬಗ್ಗೆ ನನಗೆ ತಿಳಿದಿರುವುದು ಅದಕ್ಕೆ ಹೊದಿಸುವ ಬಟ್ಟೆಯ ಅಳತೆ ಮಾತ್ರ. ಆದರೂ ಕಾಯುವುದು ಬರುತ್ತದಲ್ಲ. ಸಂಜೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಮೂರು ದಪ್ಪ ಬೀಗ, ಒಂದು ಕಡ್ಡಿ ಅರಗು ತಂದೆ.

೧೩ ಜನವರಿ, ಮಂಗಳವಾರ

ಬಸ್ಸಿನಲ್ಲಿ ಒಂದು ತಾಸು. ಕೇಂದ್ರವೆಂದರೆ ಕಮಲಾಪುರದ ಬಸ್ ನಿಲ್ದಾಣದ ಹಿಂದೆ ಒಂದು ಉದ್ದನೆಯ ಕೋಣೆ. ಮೊದಲು ಅಲ್ಲಿ ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದರಂತೆ. ಗೋಡೆಗೆ ಇನ್ನೂ ಕೆಂಬಾಳೆಯ ವಾಸನೆ ಇದೆ. ಹದಿನೆಂಟು ಹುಡುಗಿಯರು, ಒಬ್ಬಳೇ ಟೀಚರ್. ಅವಳ ಹೆಸರು ಮೆಹಬೂಬಿ, ಇಪ್ಪತ್ತೈದರ ಪ್ರಾಯ, ಕಲಬುರಗಿಯ ಮೋಮಿನಪುರದ ಮನೆಯಿಂದ ದಿನಾ ನನ್ನದೇ ಬಸ್ಸಿಗೆ ಬರುವವಳು. ನೋಡಿದ ಕೂಡಲೇ ನಗುತ್ತಾಳೆ. ಕಾರಣವಿಲ್ಲದೆ ನಗುವವರ ಮೇಲೆ ನಾನು ಒಂದು ಕಣ್ಣಿಟ್ಟಿರುತ್ತೇನೆ.

ಹೋದವಳೇ ಕೆಲಸ ಹಚ್ಚಿದೆ. ಬಾಗಿಲಿಗೆ ಎರಡು ಬೀಗ, ಕಪಾಟಿಗೆ ಒಂದು. ಫ್ಲಾಪಿ ತೂರಿಸುವ ಸೀಳಿನಿಂದಲೇ ಕಂಪ್ಯೂಟರಿಗೆ ರೋಗ ಬರುತ್ತದೆ ಎಂದು ಬಂಡಮ್ಮ ಎಂಬ ಹುಡುಗಿ ಹೇಳಿದಳು. ಸರಿ, ಮೇಣದಬತ್ತಿ ಹಚ್ಚಿ ಅರಗು ಕರಗಿಸಿ ಆರೂ ಸೀಳುಗಳಿಗೆ ಮೊಹರು ಹಾಕಿಬಿಟ್ಟೆ.

ನೀರು ಕುಡಿಯಲು ಹೋಗಿದ್ದ ಮೆಹಬೂಬಿ ಬಂದು ನೋಡಿ ನೆಲದ ಮೇಲೆ ಕುಳಿತು ನಕ್ಕಳು.

“ಅಕ್ಕಾ, ಇದೇನ್ ಮಾಡೀರಿ?”

“ರೋಗ ಇಲ್ಲಿಂದ ಬರ್ತದಂತ ಹೇಳಿದ್ರು. ಮುಚ್ಚೀನಿ.”

“ಇದೊಂದು ಬಾಗಿಲಾ ಖರೇ ಅದ. ಈ ಇಂಟರ್‌ನೆಟ್ ಬರೋ ಫೋನಿನ ವಾಯರ್ ಅದಲ್ರಿ, ಅದರಾಗ ಇನ್ನ ನೂರು ಬಾಗಿಲಾ ಅದಾವ.”

ಮಧ್ಯಾಹ್ನವೆಲ್ಲ ಹುಡುಗಿಯರು ಹೇರ್‌ಪಿನ್ನಿನಿಂದ ಅರಗು ಕೆರೆದರು. ನನ್ನ ಬುತ್ತಿ ನಾನು ಹೊರಗೆ ಕಟ್ಟೆಯ ಮೇಲೆ ಒಬ್ಬಳೇ ಉಂಡೆ. ಅವರು ಕರೆದರು, ಒಲ್ಲೆನೆಂದೆ.

೧೬ ಜನವರಿ, ಶುಕ್ರವಾರ

ರೋಗವನ್ನು ಕಣ್ಣಾರೆ ಕಂಡೆ. ಫೋನಿನ ವಾಯರ್ ಸಿಕ್ಕಿಸಿ ಹತ್ತು ನಿಮಿಷವಾಗಿರಲಿಲ್ಲ, ಮೂರನೆಯ ಮಷಿನ್ನಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಮೂಡಿತು. ಇನ್ನು ಅರವತ್ತು ಸೆಕೆಂಡಿನಲ್ಲಿ ತಾನು ಬಂದ್ ಆಗುತ್ತೇನೆ ಎಂದು ಅದರ ನೋಟೀಸು. ಐವತ್ತೊಂಬತ್ತು, ಐವತ್ತೆಂಟು ಎಂದು ಅಂಕಿ ಇಳಿಯತೊಡಗಿತು.

ನಾನು ಗಾಬರಿಯಾಗಿ ಎದ್ದು ನಿಂತೆ. ಹುಡುಗಿಯರಿಗೆ ಏನೂ ಅನ್ನಿಸಲಿಲ್ಲ. ಎಲ್ಲರೂ ಸುತ್ತ ನೆರೆದು ಜೋರಾಗಿ ಅಂಕಿ ಹೇಳತೊಡಗಿದರು. ಬಂಡಮ್ಮ ಮಾತ್ರ ಅದರ ಮುಂದೆ ಕುಳಿತಲ್ಲಿಂದ ಏಳದೆ ಗಡಬಡಿಸಿ ಟೈಪು ಮಾಡುತ್ತಿದ್ದಳು. ‘ಮೂರು, ಎರಡು’ ಎನ್ನುವಷ್ಟರಲ್ಲಿ ಪತ್ರ ಮುಗಿಸಿ ಉಳಿಸಿಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರಕ್ಕೆ ಎರಡು ಸಲ ಹೀಗಾಗುತ್ತದಂತೆ. ಪರೀಕ್ಷೆಯ ದಿನವೂ ಹೀಗಾದರೆ ಚಪ್ಪಾಳೆ ತಟ್ಟಲು ಕೇಂದ್ರವೇ ಇರುವುದಿಲ್ಲ ಎಂದು ನಾನು ಗದರಿದೆ.

ಬಂಡಮ್ಮ ಹೇಳಿದಳು, “ನಾವು ಕಲಬುರ್ಗಿಗೆ ಬಂದು ಕಲೀಲಾಕ ಆಗಂಗಿಲ್ರಿ ಅಕ್ಕೋರೆ. ಬಸ್ ಹತ್ತಬ್ಯಾಡ ಅಂತಾರ ಮನ್ಯಾಗ. ಇದು ಬಂದ್ ಆದ್ರ ನಮ್ದು ಮುಗೀತು.”

ಹದಿನೆಂಟು ಜನರ ಮುಖ ನೋಡಿದೆ. ಎಲ್ಲರದೂ ಅದೇ ಮಾತು.

೧೯ ಜನವರಿ, ಸೋಮವಾರ

ಬಸ್ಸಿನಲ್ಲಿ ಮೆಹಬೂಬಿ ನನ್ನ ಪಕ್ಕಕ್ಕೇ ಬಂದು ಕುಳಿತಳು. ಕೇಳದಿದ್ದರೂ ಪಾಠ ಶುರುವಾಯಿತು.

“ಮಷಿನ್ ನಡೆಸೋ ಮೂಲ ಪ್ರೋಗ್ರಾಂ ಇರ್ತದಲ್ರಿ ಅಕ್ಕಾ, ಆಪರೇಟಿಂಗ್ ಸಿಸ್ಟಮ್, ನಮ್ಮಲ್ಲಿರೋದು ಎಲ್ಲಾ ತೆರಕೊಂಡೇ ಬಂದದ. ಯಾರು ಕುಂತರೂ ಅವರೇ ಮಾಲಕರು. ಪಾಸ್‌ವರ್ಡ್ ಕೇಳಂಗಿಲ್ಲ. ಒಂದು ಮಷಿನ್ನಿನ ಕಪಾಟು ಇನ್ನೊಂದಕ್ಕ ಕಾಣ್ತದ.”

“ಕಾವಲಿಗೆ ಯಾರೂ ಇಲ್ಲೇನು?”

“ಇದ್ದಾನ್ರಿ, ಫೈರ್‌ವಾಲ್ ಅಂತ. ಖರೇ ಅವನ್ನ ಮಲಗಿಸಿ ಕಳಿಸ್ಯಾರ. ನಾವೇ ಹೋಗಿ ಎಬ್ಬಿಸಬೇಕು.”

ನನಗೆ ಮೈಯೆಲ್ಲ ಉರಿಯಿತು. ಇದು ಯಾವ ಸೀಮೆಯ ಉಗ್ರಾಣ? “ಆ ಕಂಪನಿ ಸ್ಟೋರ್ ಕೀಪರ್ ಯಾರದಾನ? ಮೊದಲು ಅವನ್ನ ಸಸ್ಪೆಂಡ್ ಮಾಡಬೇಕು,” ಅಂದೆ. ಮುಂದಿನ ಸೀಟಿನವರೂ ತಿರುಗಿ ನೋಡಿದರು. ಕೊಂಡವರಿಗೆ ತೊಂದರೆಯಾಗಬಾರದೆಂದು ಹಾಗೆ ತೆರೆದಿಡುತ್ತಾರಂತೆ. ನಾವೇನೂ ಮುಟ್ಟದಿದ್ದರೆ ಅದು ಹೇಗಿರುತ್ತದೋ ಅದಕ್ಕೆ ಡಿಫಾಲ್ಟ್ ಎನ್ನುತ್ತಾರಂತೆ.

“ನಮ್ಮ ಸ್ಟೋರಿನ ಡಿಫಾಲ್ಟ್ ಕೀಲಿ,” ಅಂದೆ. “ಮುಂಜಾನೆ ಎಲ್ಲಾ ಬಂದ್ ಇರ್ತದ. ಯಾರಿಗೆ ಏನ್ ಬೇಕೋ ಬರದು ಕೊಡ್ತಾರ, ಅಷ್ಟೇ ತೆಗಿತೀನಿ. ಇವನ್ನೂ ಹಂಗ ಮಾಡಾಕ ಬರ್ತದೇನು?”

ಮೆಹಬೂಬಿ ಬಾಯಿ ತೆರೆದು ನನ್ನನ್ನೇ ನೋಡಿದಳು. “ಬರ್ತದ್ರಿ. ಇಷ್ಟು ದಿನ ಯಾರೂ ಕೇಳಿದ್ದಿಲ್ಲ,” ಅಂದಳು.

೨೪ ಜನವರಿ, ಶನಿವಾರ

ಮೂರು ದಿನದ ದುಡಿತ. ಫೋನಿನ ವಾಯರ್ ಕಿತ್ತಿಟ್ಟು ಒಂದೊಂದೇ ಮಷಿನ್ ಪೂರ್ತಿ ಅಳಿಸಿ ಹೊಸದಾಗಿ ತುಂಬಿದೆವು. ತುಂಬಿದ ಕೂಡಲೇ ಮೊದಲ ಕೆಲಸ, ಮಲಗಿದ ಕಾವಲುಗಾರನನ್ನು ಎಬ್ಬಿಸುವುದು. ಆಮೇಲೆ ‘ಅತಿಥಿ’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಬರಲು ಇದ್ದ ದಾರಿ ಬಂದ್. ಮಷಿನ್ನಿನಿಂದ ಮಷಿನ್ನಿಗೆ ಇದ್ದ ಕಿಂಡಿ ಬಂದ್. ಮೆಹಬೂಬಿ ಒತ್ತುವಳು, ನಾನು ರಿಜಿಸ್ಟರಿನಲ್ಲಿ ಬರೆದು ಗೆರೆ ಎಳೆಯುವೆ. ಇಷ್ಟು ಸಂತೋಷದಿಂದ ನಾನು ‘ಬಂದ್’ ಎಂದು ಬರೆದದ್ದೇ ಇಲ್ಲ.

ಮಾಲಕರ ಹೆಸರು ಮಷಿನ್ನಿಗೆ ಒಂದೇ. ಅದರ ಪಾಸ್‌ವರ್ಡ್ ನನ್ನೊಬ್ಬಳಿಗೇ ಗೊತ್ತು. ಮೆಹಬೂಬಿಗೂ ಹೇಳಲಿಲ್ಲ. ಅವಳು ಮುಖ ಸಣ್ಣ ಮಾಡಿದಳು, ಮಾಡಲಿ.

ಹುಡುಗಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಗುಟ್ಟಿನ ಪದ. ಇದನ್ನು ಕೇಳಿದಾಗ ಅವರಿಗೆ ಆದ ಸಂಭ್ರಮ ನಾನು ಎಣಿಸಿರಲಿಲ್ಲ.

“ಮನ್ಯಾಗ ನನ್ನ ಚೀಲ ಎಲ್ಲಾರೂ ತೆಗೆದು ನೋಡ್ತಾರ,” ಅಂದಳು ಬಂಡಮ್ಮ. “ಇದರಾಗ ನಮ್ಮಪ್ಪ ಸೈತ ಬರಂಗಿಲ್ಲೇನ್ರಿ?”

“ನಿಮ್ಮಪ್ಪ ಬರಲಿ, ಕಲೆಕ್ಟರ್ ಬರಲಿ. ನೀ ಹೇಳಿದ್ರ ಮಾತ್ರ ಒಳಗ.”

ಅವಳು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

೩ ಫೆಬ್ರವರಿ, ಮಂಗಳವಾರ

ನಿನ್ನೆ ಬಕ್ರೀದ್, ರಜೆ. ಮೆಹಬೂಬಿಯ ತಾಯಿ ಅಕ್ಬರಿ ಬೇಗಂ ಒತ್ತಾಯ ಮಾಡಿದ್ದರಿಂದ ಹೋಗಬೇಕಾಯಿತು. ಅರ್ಧ ತಾಸು ಕುಳಿತು ಬರುವುದೆಂದು ಹೋದದ್ದು ಸಂಜೆಯಾಯಿತು. ಊಟ ಮಾಡಿಲ್ಲವೆಂದೇನೂ ಇಲ್ಲ, ಮಾಡಿದೆ, ಎರಡು ಸಲ.

ಇವತ್ತು ಸ್ಟಾಕ್ ಪರಿಶೀಲನೆ ಮಾಡಿದೆ. ಪ್ರತಿ ಪರದೆಯ ಮೇಲಿನ ಚಿತ್ರಗಳನ್ನು ಎಣಿಸಿ ಬರೆದುಕೊಂಡೆ. ಕಸದ ಬುಟ್ಟಿ ಒಂದು, ಫೋಲ್ಡರ್ ಎನ್ನುವ ಕಡತದ ಚೀಲ ಎರಡು, ಹೀಗೆ. ನಾಲ್ಕನೆಯ ಮಷಿನ್ನಿನಲ್ಲಿ ಒಂದು ಚೀಲ ಕಡಿಮೆ ಬಂತು. ಯಾರು ತೆಗೆದಿರಿ ಎಂದು ಎಲ್ಲರನ್ನೂ ನಿಲ್ಲಿಸಿ ಕೇಳಿದೆ. ಅದು ಇನ್ನೊಂದು ಚಿತ್ರದ ಹಿಂದೆ ಅಡಗಿತ್ತು.

೧೩ ಫೆಬ್ರವರಿ, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಇವತ್ತು ಮಾದರಿ ಪರೀಕ್ಷೆ ಇಟ್ಟಿದ್ದೆವು. ಕನ್ನಡ ಟೈಪಿಂಗಿನ ತಂತ್ರಾಂಶದಲ್ಲಿ ಆರು ಹುಡುಗಿಯರು ನಲವತ್ತು ನಿಮಿಷ ಕುಳಿತು ಟೈಪು ಮಾಡಿದರು. ಉಳಿಸಲು ಹೋದರೆ ಆರೂ ಪರದೆಯ ಮೇಲೆ ಒಂದೇ ಮಾತು, ನಿಮಗೆ ಅನುಮತಿ ಇಲ್ಲ. ಅಷ್ಟಕ್ಕೇ ತಂತ್ರಾಂಶ ಮುಚ್ಚಿಕೊಂಡಿತು. ಬರೆದದ್ದೆಲ್ಲ ಹೋಯಿತು.

ಆ ತಂತ್ರಾಂಶಕ್ಕೆ ಬರೆದದ್ದನ್ನು ತನ್ನದೇ ಚೀಲದಲ್ಲಿ ಇಡುವ ಅಭ್ಯಾಸ. ಆ ಚೀಲ ಮಾಲಕರದು, ಹುಡುಗಿಯರಿಗೆ ಬಂದ್. ಬಂದ್ ಮಾಡಿಸಿದವಳು ನಾನೇ.

“ಎಲ್ಲಾರನ್ನೂ ಮಾಲಕರು ಮಾಡಿಬಿಡ್ರಿ ಅಕ್ಕಾ, ಮೊದಲಿದ್ದಂಗ. ಪರೀಕ್ಷಾಕ್ಕ ಒಂದು ತಿಂಗಳಾ ಉಳದದ,” ಅಂದಳು ಮೆಹಬೂಬಿ. ಆಗದು ಎಂದೆ. ಮತ್ತೆ ಕೇಳಿದಳು. ಆಗದು ಎಂದು ಕೂಗಿದೆ.

ಬಂಡಮ್ಮ ಅಳಲಿಲ್ಲ. ಎದ್ದು ನಿಂತು, “ಕೀಲಿ ಹಾಕೋದು ಕಳ್ಳರಿಗೆ ಅಂತ ಹೇಳಿದ್ರಿ ಅಕ್ಕೋರೆ. ಹೊರಗ ಉಳಿದವರು ನಾವೇ,” ಅಂದಳು.

೧೪ ಫೆಬ್ರವರಿ, ಶನಿವಾರ

ಬಸ್ಸಿನಲ್ಲಿ ಮೆಹಬೂಬಿ ಇವತ್ತೂ ನನ್ನ ಪಕ್ಕದಲ್ಲೇ ಕುಳಿತಳು. ಕಿಟಕಿಯಲ್ಲಿ ತೊಗರಿ ರಾಶಿ ಮುಗಿದ ಹೊಲಗಳು ಹೋಗುತ್ತಿದ್ದವು. ಯಾಕೆ ಹೇಳಿದೆನೋ ಗೊತ್ತಿಲ್ಲ, ಎಂಬತ್ತೈದನೆಯ ಇಸವಿಯ ಮಾತು ಮೆಹಬೂಬಿಗೆ ಹೇಳಿಬಿಟ್ಟೆ.

ಆಗ ನನಗೆ ಜ್ವರ. ಜೊತೆಯ ಗುಮಾಸ್ತನೊಬ್ಬ ಬಂದು ಒಂದು ಬೀಕರ್ ಬೇಕೆಂದ. ಏಳಲಾಗದೆ ಉಗ್ರಾಣದ ಬೀಗದ ಕೈ ಗೊಂಚಲನ್ನೇ ಅವನ ಕೈಗೆ ಕೊಟ್ಟೆ. ಮುಂದಿನ ತಿಂಗಳ ಪರಿಶೀಲನೆಯಲ್ಲಿ ನಾಲ್ಕು ಸೂಕ್ಷ್ಮದರ್ಶಕ ಇರಲಿಲ್ಲ. ಆರು ತಿಂಗಳು ನನ್ನನ್ನು ಉಗ್ರಾಣ ಬಿಡಿಸಿ ಹೊರಗೆ ಕೂರಿಸಿದರು. ಕಳ್ಳಿ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾನು ಬಂದಾಗ ತಮ್ಮ ಚೀಲ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು, ಅಷ್ಟೆ. ಆಮೇಲೆ ಅವನೇ ಸಿಕ್ಕಿಬಿದ್ದ. ನನ್ನನ್ನು ವಾಪಸು ಕರೆದರು. ಅಂದಿನಿಂದ ನಾನು ಯಾರಿಗೂ ಏನೂ ಕೊಟ್ಟಿಲ್ಲ.

ಮೆಹಬೂಬಿ ನನ್ನ ಕೈ ಹಿಡಿದುಕೊಂಡಳು. “ಕೊಟ್ಟಿದ್ದು ತಪ್ಪಲ್ರಿ ಅಕ್ಕಾ. ಇಡೀ ಗೊಂಚಲಾ ಕೊಟ್ರಿ. ಅವನಿಗೆ ಬೇಕಾಗಿದ್ದು ಬೀಕರಿನ ಕಪಾಟಿಂದು ಒಂದೇ ಕೀಲಿಕೈ.”

ಹತ್ತೊಂಬತ್ತು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಅಳು ಬಂತು, ಅತ್ತೆ. ಕಂಡಕ್ಟರ್ ಟಿಕೇಟು ಕೇಳುವುದನ್ನೇ ಬಿಟ್ಟು ಮುಂದೆ ಹೋದ.

೧೬ ಫೆಬ್ರವರಿ, ಸೋಮವಾರ

ಆಯಿತು. ಎಲ್ಲರನ್ನೂ ಮಾಲಕರು ಮಾಡುವುದು ಬೇಕಿರಲಿಲ್ಲ. ಕನ್ನಡ ತಂತ್ರಾಂಶದ ಆ ಒಂದು ಚೀಲಕ್ಕೆ ಮಾತ್ರ, ಈ ಹದಿನೆಂಟು ಹೆಸರಿಗೆ ಮಾತ್ರ ಬರೆಯುವ ಅನುಮತಿ. ಎಲ್ಲಿ ಹೋಗಿ ಏನು ಒತ್ತಬೇಕೆಂದು ಮೆಹಬೂಬಿ ಭಾನುವಾರವೆಲ್ಲ ಪುಸ್ತಕ ಹುಡುಕಿ ತಂದಿದ್ದಳು. ಬಂಡಮ್ಮ ಕುಳಿತು ಟೈಪು ಮಾಡಿ ಉಳಿಸಿದಳು. ಉಳಿಯಿತು. ಹದಿನೆಂಟೂ ಜನ ಒಟ್ಟಿಗೆ ಕೂಗಿದ್ದಕ್ಕೆ ಬಸ್ ನಿಲ್ದಾಣದಿಂದ ಜನ ಬಂದು ಇಣುಕಿದರು.

ಇನ್ನು ಇಂಥದ್ದು ಏನು ಬೇಕಾದರೂ ಬರೆದು ಕೊಡಿ ಎಂದು ಇಂಡೆಂಟ್ ಪುಸ್ತಕ ಇಟ್ಟೆ. ಸಂಜೆಯೊಳಗೆ ಇಪ್ಪತ್ತೆರಡು ಬಂದವು. ಪ್ರಿಂಟರ್ ಬೇಕು, ಕೊಟ್ಟೆ. ದೊಡ್ಡ ಅಕ್ಷರ ಬೇಕು, ಕೊಟ್ಟೆ. ಇಸ್ಪೀಟು ಆಟ ಬೇಕು, ‘ಪರೀಕ್ಷೆಯ ನಂತರ’ ಎಂದು ಬರೆದೆ. ಯಾರೋ ಒಬ್ಬಳು ‘ಮಾನಮ್ಮ ಅಕ್ಕೋರು ನಮ್ಮ ಜೊತೆ ಉಣ್ಣಬೇಕು’ ಎಂದು ಬರೆದಿದ್ದಳು, ಸಹಿ ಇಲ್ಲ. ಸಹಿ ಇಲ್ಲದ್ದು ನಿಯಮದ ಪ್ರಕಾರ ಸಿಂಧುವಲ್ಲ. ಹಸಿವಾಗಿತ್ತು, ಹೋಗಿ ಕುಳಿತೆ.

ಮಾಲಕರ ಪಾಸ್‌ವರ್ಡ್ ಮೆಹಬೂಬಿಗೂ ಹೇಳಿದೆ. ನನಗೆ ಜ್ವರ ಗಿರ ಬಂದರೆ ಯಾರಾದರೂ ಬೇಕಲ್ಲ, ಅದಕ್ಕೆ.

೫ ಮಾರ್ಚ್, ಶುಕ್ರವಾರ

ಫೋನಿನ ವಾಯರ್ ಸಿಕ್ಕಿಸಿ ಒಂದು ತಾಸು ಇಟ್ಟೆವು. ಅಂಕಿ ಇಳಿಯಲಿಲ್ಲ. ಹುಡುಗಿಯರಿಗೆ ಬೇಜಾರಾಗಿ ತಾವೇ ಅರವತ್ತರಿಂದ ಎಣಿಸಿ ಚಪ್ಪಾಳೆ ತಟ್ಟಿಕೊಂಡರು. ನಾನೂ ತಟ್ಟಿದೆ.

ಬಂಡಮ್ಮನ ತಾಯಿ ಮಲ್ಕಮ್ಮ ನಿಲ್ದಾಣದಲ್ಲಿ ಕೆಂಬಾಳೆ ಮಾರುತ್ತಾಳೆ. ಇತ್ತೀಚೆಗೆ ಮಧ್ಯಾಹ್ನ ನಮ್ಮ ಕಿಟಕಿಯ ಹೊರಗೇ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ನೆರಳಿದೆ ಎನ್ನುತ್ತಾಳೆ. ಆ ಕಡೆ ನೆರಳು ನಾಲ್ಕು ಗಂಟೆಯ ತನಕ ಬರುವುದಿಲ್ಲ.

೧೯ ಮಾರ್ಚ್, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತಕ್ಕೆ ಪರೀಕ್ಷಕ ಗುಂಡಣ್ಣನವರು ಜೀಪಿನಲ್ಲಿ ಬಂದರು. ಇಸ್ತ್ರಿ ಮುರಿಯದ ಸಫಾರಿ, ಕೈಯಲ್ಲಿ ಪ್ರಶ್ನೆಪತ್ರಿಕೆಯ ಫ್ಲಾಪಿ. ಮೊದಲ ಮಷಿನ್ನಿನ ಮುಂದೆ ಕುಳಿತವರೇ, “ಇದೇನ್ ಹೆಸರು ಕೇಳಾಕತ್ತದ? ಎಲ್ಲಾ ತೆಗೀರಿ,” ಅಂದರು.

“ಎಲ್ಲಾ ತೆಗಿಯಾಕ ಬರಂಗಿಲ್ರಿ ಸರ್. ನಿಮಗೇನ್ ಬೇಕು ಹೇಳ್ರಿ, ಅಷ್ಟು ಕೊಡ್ತೀನಿ.”

“ನಾ ಪರೀಕ್ಷಕ ಇದ್ದೀನಿ. ಮಾಲಕರ ಪಾಸ್‌ವರ್ಡ್ ಹೇಳ್ರಿ. ಎಲ್ಲಾ ಕೇಂದ್ರದಾಗೂ ಹಂಗೇ ಕೊಡ್ತಾರ.”

ಕೊಡುವುದಿಲ್ಲ ಎಂದೆ. ಹಾಗಾದರೆ ಪರೀಕ್ಷೆ ಇಲ್ಲ, ಕೇಂದ್ರ ಸಹಕರಿಸಲಿಲ್ಲವೆಂದು ಬರೆದು ಹೋಗುತ್ತೇನೆ ಎಂದು ಅವರು ಎದ್ದೇಬಿಟ್ಟರು. ಅಣವೀರಪ್ಪನವರಿಗೆ ಫೋನು ಹೋಯಿತು. “ಮಾನಮ್ಮ, ಅವರು ಕೇಳಿದ್ದು ಕೊಟ್ಟು ಮುಗಸ್ರಿ. ಇಲ್ಲಂದ್ರ ನಾಳೆ ಲಾರಿ ಕಳಸ್ತೀನಿ,” ಎಂದರು ಕಾರ್ಯದರ್ಶಿಗಳು. ಹಿಂದೆ ಹದಿನೆಂಟು ಹುಡುಗಿಯರು ಗೋಡೆಗೆ ಆನಿಕೊಂಡು ನಿಂತಿದ್ದರು. ಕೊಟ್ಟರೆ ಮಷಿನ್ ಹೋಗಬಹುದು, ಕೊಡದಿದ್ದರೆ ಕೇಂದ್ರವೇ ಹೋಗುತ್ತದೆ. ಮೊದಲಿನ ಮಾನಮ್ಮನಾಗಿದ್ದರೆ ನಾಳೆ ಬಾ ಎಂದು ಬಾಗಿಲು ಹಾಕಿಕೊಂಡು ಕೂಡುತ್ತಿದ್ದಳೇನೋ.

“ಸರ್,” ಅಂದೆ. “ಮಾಲಕರ ಹೆಸರು ಹಳೇದು, ಎಲ್ಲಾರೂ ಮುಟ್ಟಿದ್ದು. ನಿಮ್ಮಂಥವರಿಗೆ ನಿಮ್ಮದೇ ಹೆಸರು ಬ್ಯಾಡೇನ್ರಿ? ಐದು ಮಿನಿಟ್ ಕೂಡ್ರಿ. ಚಹಾ ಕುಡೀರಿ.”

ಮೆಹಬೂಬಿ ಒಂದೇ ಕ್ಷಣದಲ್ಲಿ ತಿಳಿದುಕೊಂಡಳು. ಆರೂ ಮಷಿನ್ನಿನಲ್ಲಿ ಪರೀಕ್ಷಕರಿಗೆಂದೇ ಹೊಸ ಹೆಸರು ಬಂತು. ಪ್ರಶ್ನೆ ಓದುವುದು, ಪರೀಕ್ಷೆಯ ಚೀಲಕ್ಕೆ ಹಾಕುವುದು, ಉತ್ತರ ತೆಗೆದುಕೊಳ್ಳುವುದು, ಇಷ್ಟಕ್ಕೆ ಅನುಮತಿ. ಗುಂಡಣ್ಣನವರು ಬಂದು ಕುಳಿತರು. ಪರದೆಯ ಮೇಲೆ ದೊಡ್ಡದಾಗಿ ಅವರ ಹೆಸರು, ಹಿಂದೆ ಒಂದು ಹೂವಿನ ಚಿತ್ರ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇಂಥಾದು ಬ್ಯಾರೆ ಕಡೆ ಎಲ್ಲೂ ಮಾಡಿಲ್ಲ ನೋಡ್ರಿ ನನಗ,” ಅಂದರು. ಧ್ವನಿ ಮೆತ್ತಗಾಗಿತ್ತು.

ಫ್ಲಾಪಿ ಹಾಕಿದರು. ಪ್ರಶ್ನೆ ಬಂತು. ಅದರ ಬೆನ್ನಿಗೇ ಒಂದು ಪೆಟ್ಟಿಗೆ ಮೂಡಿತು, ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ. ಮುಚ್ಚಿದರೆ ಮತ್ತೊಂದು, ಮತ್ತೊಂದು. ಏನೂ ಒತ್ತದಿದ್ದರೂ ಒಳಗಿನಿಂದ ಯಾರೋ ಬಾಗಿಲು ತಳ್ಳುತ್ತಿದ್ದರು. ಮೆಹಬೂಬಿ ನನ್ನ ಮೊಣಕೈ ಒತ್ತಿದಳು. ಮೂರು ಸಲ ತಳ್ಳಿ ಅದು ಸುಮ್ಮನಾಯಿತು. ಫ್ಲಾಪಿಯಲ್ಲಿ ಏನೋ ರೋಗ ಇದೆ, ನಾಳೆ ಕಲಬುರಗಿಯಲ್ಲಿ ಹಾಕುವ ಮುಂಚೆ ತೋರಿಸಿಕೊಳ್ಳಿ ಎಂದು ಅವಳು ಗುಂಡಣ್ಣನವರಿಗೆ ಹೇಳಿದಳು. ಅವರು ಕೈಯಾಡಿಸಿ ಚಹಾದ ಎರಡನೆಯ ಕಪ್ಪು ತೆಗೆದುಕೊಂಡರು.

ಆರು ಆರು ಜನರಂತೆ ಮೂರು ತಂಡ. ಹದಿನೆಂಟೂ ಜನ ಬರೆದರು, ಹದಿನೆಂಟೂ ಉಳಿಸಿದರು. ಸಂಜೆ ನಾನು ಸುಮ್ಮನೆ ಕುರ್ಚಿಯ ಮೇಲೆ ಕುಳಿತೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೆನ್ನೆ ಮುಟ್ಟಿ ಲಟಿಕೆ ಮುರಿದು ಹೋದರು.

೨೦ ಮಾರ್ಚ್, ಶನಿವಾರ

ಕಲಬುರಗಿಯ ನಮ್ಮ ದೊಡ್ಡ ಲ್ಯಾಬಿನಲ್ಲಿ ಇವತ್ತು ಪರೀಕ್ಷೆ ಇತ್ತು. ಅದೇ ಗುಂಡಣ್ಣನವರು, ಅದೇ ಫ್ಲಾಪಿ. ಅಲ್ಲಿ ಮಾಲಕರ ಪಾಸ್‌ವರ್ಡ್ ಕೇಳುವ ಪ್ರಶ್ನೆಯೇ ಇರಲಿಲ್ಲ, ಪಾಸ್‌ವರ್ಡ್ ಇದ್ದರಲ್ಲವೇ. ಹನ್ನೊಂದರ ಹೊತ್ತಿಗೆ ಇಪ್ಪತ್ತನಾಲ್ಕು ಮಷಿನ್ನೂ ಮಲಗಿದವು. ಸಂಜೆ ಅಣವೀರಪ್ಪನವರು ಕುಸನೂರಿನ ನನ್ನ ಬಾಡಿಗೆ ಮನೆಗೇ ಬಂದರು. ಹತ್ತು ವರ್ಷದಲ್ಲಿ ನನ್ನ ಹೊಸ್ತಿಲು ದಾಟಿದ ಮೊದಲ ಅಧಿಕಾರಿ. ಮೆಹಬೂಬಿಯ ತಾಯಿ ಅಕ್ಬರಿ ಬೇಗಂ ಅವರೂ ಒಳಗೆ ಕುಳಿತಿದ್ದರು, ಎಲ್ಲರಿಗೂ ಒಟ್ಟಿಗೇ ಚಹಾ ಇಟ್ಟೆ.

“ಮಾನಮ್ಮ, ನಮ್ಮ ಹುಡುಗರ ಪರೀಕ್ಷಾ ನಿಮ್ಮಲ್ಲಿ ಮಾಡಬಹುದೇನು?” ಎಂದು ಕೇಳಿದರು.

ಒಂದು ಇಂಡೆಂಟ್ ಬರೆದುಕೊಡಿ ಎಂದು ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ಕಳಿಸ್ರಿ ಎಂದೆ.

೨೭ ಮಾರ್ಚ್, ಶನಿವಾರ

ಕಲಬುರಗಿಯಿಂದ ಮೂವತ್ತಾರು ವಿದ್ಯಾರ್ಥಿಗಳು ಬಸ್ಸಿಳಿದು ‘ಇದೇನಾ’ ಎಂಬಂತೆ ಕೋಣೆ ನೋಡಿದರು. ಬಂಡಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರ ಹೆಸರು ಬರೆಸಿಕೊಂಡಳು. ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟ ಒಬ್ಬ ಹುಡುಗ, “ಎಲ್ಲಾ ಓಪನ್ ಇಟ್ರ ಏನಾಗ್ತದ್ರಿ?” ಎಂದ. “ನಿಮ್ಮಲ್ಲಿ ಆಯ್ತಲ್ರಿ, ಅದೇ ಆಗ್ತದ,” ಎಂದಳು ಬಂಡಮ್ಮ. ಅವನು ಕೈ ಹೊರಗೆ ತೆಗೆದ.

ಮಲ್ಕಮ್ಮನ ಬುಟ್ಟಿ ಹತ್ತು ಗಂಟೆಗೇ ಖಾಲಿ. ಆದರೂ ಅವಳು ಮನೆಗೆ ಹೋಗದೆ ಪರೀಕ್ಷೆ ಮುಗಿಯುವ ತನಕ ಕಿಟಕಿಯಲ್ಲೇ ನಿಂತಿದ್ದಳು.

೭ ಏಪ್ರಿಲ್, ಬುಧವಾರ

ಆಡಳಿತ ಮಂಡಳಿಯ ಪತ್ರ ಬಂತು. ಕೇಂದ್ರ ಕಮಲಾಪುರದಲ್ಲೇ ಮುಂದುವರಿಯುವುದು. ಇನ್ನೂ ನಾಲ್ಕು ಮಷಿನ್ ಬರುವುವು. ಕಲಬುರಗಿಯ ಲ್ಯಾಬನ್ನೂ ಮೊದಲು ಎಲ್ಲ ಮುಚ್ಚಿ, ಬೇಕಾದಷ್ಟೇ ತೆರೆಯುವ ಪದ್ಧತಿಗೆ ತರುವುದು. ಮೆಹಬೂಬಿ ಓದಿ ಹೇಳುವಷ್ಟರಲ್ಲಿ ಹುಡುಗಿಯರು ಅವಳನ್ನು ಎತ್ತಿಬಿಟ್ಟಿದ್ದರು. ನನ್ನನ್ನೂ ಎತ್ತಲು ಬಂದರು, ಆಗಲಿಲ್ಲ. ನನಗೆ ಬಹಳ ಸಂತೋಷವಾಯಿತು. ಬೇರೆ ಶಬ್ದ ತೋಚುತ್ತಿಲ್ಲ.

ಪತ್ರದ ಕೊನೆಗೆ, ಇಚ್ಛೆಯಿದ್ದರೆ ನಾನು ಉಗ್ರಾಣಕ್ಕೆ ಮರಳಬಹುದು ಎಂದಿತ್ತು. ಆ ಭಾಗಕ್ಕೆ ಉತ್ತರ ಬರೆಯುವುದು ಮರೆತೇ ಹೋಗುತ್ತಿದೆ.

೧೯ ಏಪ್ರಿಲ್, ಸೋಮವಾರ

ಹೊಸ ತಂಡದ ಪ್ರವೇಶ. ಮೂವತ್ತು ಜಾಗಕ್ಕೆ ನಲವತ್ತೊಂದು ಹುಡುಗಿಯರು, ಸಾಲು ಬಸ್ ನಿಲ್ದಾಣದ ತನಕ. ವಯಸ್ಸು ಹದಿನೆಂಟರಿಂದ ಇಪ್ಪತ್ತೈದು, ಕನಿಷ್ಠ ಏಳನೆಯ ತರಗತಿ, ಮೂರು ಪ್ರತಿ ಅರ್ಜಿ, ಎರಡು ಫೋಟೊ. ನಿಯಮ ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ.

ಸಾಲಿನ ಪಕ್ಕದಲ್ಲಿ ಮಲ್ಕಮ್ಮ ಬಂದು ನಿಂತಳು. ಬುಟ್ಟಿ ಇರಲಿಲ್ಲ. ತಲೆ ಬಾಚಿಕೊಂಡಿದ್ದಳು.

“ಇವತ್ತು ಹಣ್ಣಿಲ್ಲೇನು ಮಲ್ಕಮ್ಮ?”

“ಮಾರಾಕ ಬಂದಿಲ್ರಿ ಅಕ್ಕಾ.” ಸೆರಗಿನ ತುದಿ ಬೆರಳಿಗೆ ಸುತ್ತಿದಳು. “ನನಗೂ ಒಂದು ಹೆಸರು ಹಾಕ್ತೀರೇನು ಅದರಾಗ? ಎರಡನೇ ಕ್ಲಾಸ್ ತನಕ ಕಲ್ತೀನಿ. ಅಂಕಿ ಎಲ್ಲಾ ಬರ್ತಾವ.”

“ಯವ್ವಾ,” ಎಂದಳು ಬಂಡಮ್ಮ ಒಳಗಿನಿಂದ, ಅಷ್ಟೇ.

“ಒಳಗ ಬಾ, ಕೂಡು,” ಎಂದೆ. ಮೆಹಬೂಬಿ ಬಾಗಿಲಿಗೆ ಅಂಟಿಸಿದ ಕಾಗದವನ್ನೂ ನನ್ನನ್ನೂ ನೋಡತೊಡಗಿದಳು. ಅದರಲ್ಲಿ ನೋಡುವಂಥದ್ದೇನಿದೆ? ಅರ್ಜಿ ಆಮೇಲೆ ತುಂಬಿದರಾಯಿತು.

ಮೂರನೆಯ ಮಷಿನ್ನಿನಲ್ಲಿ ಅವಳ ಹೆಸರು ಹಾಕಿದೆ. ಪರದೆಯ ಮೇಲೆ ತನ್ನ ಹೆಸರು ಕಂಡು ಅವಳು ಅದನ್ನು ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿದಳು.

“ಈಗ ನಿನಗ ಮಾತ್ರ ಗೊತ್ತಿರೋದು ಏನಾರ ಒಂದು ಇದರಾಗ ಹಾಕು. ಅದು ಹಾಕಿದ್ರೇ ತೆರೀತದ.”

“ಯಾರಿಗೂ ಹೇಳಬಾರದೇನ್ರಿ? ಇವರಪ್ಪಗ?”

“ಹೇಳಬಾರದು.”

“ನನ್ನ ಮಗಳಿಗೂ?”

“ಮಗಳಿಗೂ ಬ್ಯಾಡ. ನನಗೂ ಬ್ಯಾಡ.”

ಮಲ್ಕಮ್ಮ ನಮ್ಮೆಲ್ಲರ ಮುಖ ನೋಡಿ, “ಹಂಗಾರ ನೀವೆಲ್ಲಾ ಆ ಕಡೆ ತಿರುಗ್ರಿ,” ಎಂದಳು.

ಕೋಣೆಯಲ್ಲಿದ್ದ ಅಷ್ಟೂ ಜನ ಗೋಡೆಗೆ ಮುಖ ಮಾಡಿದೆವು. ನಾನು, ಮೆಹಬೂಬಿ, ಬಂಡಮ್ಮ, ಅರ್ಜಿ ಹಿಡಿದ ಹುಡುಗಿಯರು. ಬಾಗಿಲಿನ ಸಾಲಿಗೂ ತಿರುಗಿ ನಿಲ್ಲಲು ಹೇಳಿದೆ. ಹಿಂದೆ ಒಂದೇ ಬೆರಳಿನ ಸದ್ದು, ಒಂದು ಒತ್ತಿದ ಮೇಲೆ ಇನ್ನೊಂದಕ್ಕೆ ಬಹಳ ಹೊತ್ತು. ಪಕ್ಕದಲ್ಲಿ ಬಂಡಮ್ಮನ ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲಿಲ್ಲ.

“ತಿರುಗಬಹುದೇನು ಮಲ್ಕಮ್ಮ?” ಎಂದು ಕೇಳಿದೆ.

“ಇನ್ನಾ ಇಲ್ರಿ,” ಎಂದಳು ಅವಳು.

ನಾವು ಗೋಡೆ ನೋಡುತ್ತ ನಿಂತೆವು.